ಎರಡನೆಯ ಮುದ್ದೆ

ನಲವತ್ತೆಂಟನೆಯ ವಯಸ್ಸಿನಲ್ಲಿ ವಿದ್ಯಾರ್ಥಿಯಾಗುವುದರಲ್ಲಿ ಒಂದು ಸುಖವಿದೆ. ಮನೆಯಲ್ಲಿ ಯಾರು ಯಾವ ಕೆಲಸ ಹೇಳಿದರೂ “ಕ್ಲಾಸಿದೆ” ಅಂದುಬಿಡಬಹುದು. ಹದಿನೆಂಟರಲ್ಲಿ ಈ ಮಾತು ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಅಪ್ಪ ಸೈಕಲ್ ಹತ್ತಿ ನೇರ ಕಾಲೇಜಿಗೇ ಬಂದು ವಿಚಾರಿಸಿಬಿಡುತ್ತಿದ್ದರು. ಈಗ ಹಾಗಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತರೆ ಸಾಕು, ಗ್ಯಾಸ್ ಸಿಲಿಂಡರ್ ಬದಲಾಯಿಸು ಅಂತ ಹೇಳಲು ಬಂದ ಅವ್ವ ಕೂಡ ಬಾಗಿಲಲ್ಲೇ ನಿಂತು, “ಓದ್ತಾವ್ನೆ, ಪಾಪ” ಅಂತ ಹಿಂದಕ್ಕೆ ಹೋಗುತ್ತಾಳೆ. ಅವಳು ಹಾಗೆ ಮೆತ್ತಗಾಗುವುದಕ್ಕೂ ಕಾರಣವಿದೆ. ನಾನು ಓದುವುದನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು.

ನಾನು ಬಿಡದಿಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಸೂಪರ್‌ವೈಸರ್. ನಮ್ಮಲ್ಲಿ ಕಾರಿನ ಸೀಟು ತಯಾರಾಗುತ್ತದೆ. ಸೀಟಿನ ಮೇಲೆ ಕೂತು, ಒತ್ತಿ, ಎದ್ದು, ಸರಿಯಿದೆ ಅಂತ ಸಹಿ ಹಾಕುವುದು ನನ್ನ ಕೆಲಸವಾದ್ದರಿಂದ, ನೆಂಟರಿಷ್ಟರು ನನ್ನನ್ನು ಕೂತು ಸಂಬಳ ತಗೊಳ್ಳೋನು ಅಂತ ಆಡಿಕೊಳ್ಳುವುದುಂಟು. ಹೀಗೆ ಇಪ್ಪತ್ತನಾಲ್ಕು ವರ್ಷ ಸುಖವಾಗಿ ಕೂತಿದ್ದವನನ್ನು ಹೊಸದಾಗಿ ಬಂದ ಮ್ಯಾನೇಜರು ಕರೆದು, “ಕೆಂಪರಾಜು, ನೀವು ಒಂದು ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಿ. ಮೂರು ತಿಂಗಳು, ಶನಿವಾರ ಭಾನುವಾರ, ಮನೆಯಿಂದಲೇ. ಫೀಸು ಕಂಪನಿದು” ಅಂದರು. ಕೊನೆಯ ಎರಡು ಪದ ಕೇಳಿದ ಮೇಲೆ ಮುಂದಿನದೇನನ್ನೂ ನಾನು ಕೇಳಲಿಲ್ಲ.

ಇದೇನು ಓದು ಅಂತ ಅವ್ವನಿಗೆ ತಿಳಿಸಿ ಹೇಳುವುದೇ ಮೊದಲ ಪರೀಕ್ಷೆಯಾಯಿತು. “ಅವ್ವ, ಸಾಮಾನು ಮಾಡೋನು ಒಬ್ಬ ಇರ್ತಾನೆ, ತಗೊಳ್ಳೋನು ಇನ್ನೊಬ್ಬ. ಇಬ್ಬರ ಮಧ್ಯೆ ನಿಂತು ತಗೊಳ್ಳೋನಿಗೆ ಏನು ಬೇಕು ಅಂತ ಮಾಡೋನಿಗೆ ಹೇಳ್ತಾನಲ್ಲ, ಅವನೇ ಪ್ರಾಡಕ್ಟ್ ಮ್ಯಾನೇಜರು” ಅಂದೆ. ಅವ್ವ ಎಲೆಗೆ ಸುಣ್ಣ ಸವರುತ್ತಾ, “ಅಂಗಾರೆ ದಳ್ಳಾಳಿ ಅನ್ನು. ಅದ್ಕ್ಯಾಕ್ಲಾ ಮೂರು ತಿಂಗ್ಳು? ರಾಮನಗರದ ರೇಸ್ಮೆ ಗೂಡಿನ ಮಾರ್ಕೆಟ್ಟಾಗೆ ಎಲ್ಡು ದಿನ ನಿಂತ್ಕಂಡ್ರೆ ತಾನಾಗೇ ಬತ್ತೈತೆ” ಅಂದಳು. ಕೋರ್ಸು ಮುಗಿದ ಮೇಲೆ ಹಿಂತಿರುಗಿ ನೋಡಿದರೆ ಅವಳು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ.

ನಮಗೆ ಪಾಠ ಹೇಳುತ್ತಿದ್ದ ಹುಡುಗಿಯ ಹೆಸರು ನಿಧಿ. ವಯಸ್ಸಿನಲ್ಲಿ ನನ್ನ ಸರ್ವೀಸಿಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ನಲವತ್ತು ಜನ ವಿದ್ಯಾರ್ಥಿಗಳಲ್ಲಿ ತಲೆ ನೆರೆತವನು ನಾನೊಬ್ಬನೇ ಆದ್ದರಿಂದ ನನ್ನನ್ನು ಮಾತ್ರ ‘ಸರ್’ ಅನ್ನುತ್ತಿದ್ದಳು, ಮತ್ತು ನನಗೇ ಹೆಚ್ಚು ಪ್ರಶ್ನೆ ಕೇಳುತ್ತಿದ್ದಳು. ಅವಳ ಪಾಠ ಇಷ್ಟು: ನೀವು ಮಾಡಿದ ವಸ್ತುವಿನ ಮೇಲೆ ಮೋಹ ಬೇಡ, ಬಳಸುವವರ ಕಷ್ಟದ ಮೇಲೆ ಇರಲಿ. ಜನ ಬಾಯಲ್ಲಿ ಹೇಳುವುದನ್ನು ಪೂರ್ತಿ ನಂಬಬೇಡಿ, ಅವರು ಮಾಡುವುದನ್ನು ನೋಡಿ. ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಇಂಥವನ್ನೆಲ್ಲ ನಾನು ಎರಡು ಬಣ್ಣದ ಪೆನ್ನಿನಲ್ಲಿ ಬರೆದುಕೊಂಡು, ಕೆಳಗೆ ಸ್ಕೇಲಿಟ್ಟು ಗೆರೆಯನ್ನೂ ಎಳೆದೆ. ಗೆರೆ ಎಳೆದ ಮಾತು ತಲೆಗೆ ಹೋಗಿದೆ ಎಂಬ ಭ್ರಮೆ ನನಗೆ ಎಸ್ಸೆಸ್ಸೆಲ್ಸಿಯಿಂದಲೂ ಇದೆ. ಆ ಭ್ರಮೆಯ ಫಲ ಆಗಿನ ಅಂಕಪಟ್ಟಿಯಲ್ಲೂ ಕಾಣುತ್ತದೆ.

ಎರಡನೆಯ ತಿಂಗಳು ಪ್ರಾಜೆಕ್ಟು ಬಂತು. ನಿಮ್ಮ ಹತ್ತಿರದವರಲ್ಲಿ ಯಾರಿಗಾದರೂ ನಿಜವಾದ ಒಂದು ತೊಂದರೆ ಇರಬೇಕು, ಅದಕ್ಕೆ ನೀವೊಂದು ಪರಿಹಾರ ಮಾಡಿಕೊಡಬೇಕು, ಅದರಿಂದ ಅವರಿಗೆ ಗುಣವಾದದ್ದನ್ನು ತೋರಿಸಬೇಕು. ಉಳಿದವರೆಲ್ಲ ಪಾರ್ಕಿಂಗು, ಜಿಮ್ಮು ಅಂತ ಆ್ಯಪ್ ಮಾಡಲು ಹೊರಟರು. ನಾನು ತೊಂದರೆ ಹುಡುಕಿಕೊಂಡು ಹೊರಗೆ ಹೋಗಬೇಕಾಗಿರಲಿಲ್ಲ. ಅದು ನಮ್ಮ ಮನೆಯಲ್ಲೇ, ನನ್ನ ಹೆಂಡತಿಯ ಬಲಭುಜದಲ್ಲಿ ಇತ್ತು.

ಸಾವಿತ್ರಿ ನಮ್ಮ ಚನ್ನಪಟ್ಟಣದ ಪಕ್ಕದ ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಾಳೆ. ಬೋರ್ಡಿನ ಮೇಲಿನ ಅಂಚಿನಿಂದ ಶುರುಮಾಡಿ ಕೆಳಗಿನ ಅಂಚಿಗೆ ಉತ್ತರ ತಂದು ನಿಲ್ಲಿಸುವುದು ಅವಳ ಶೈಲಿ. ಒಂದು ವರ್ಷದಿಂದ ಭುಜ ಹಿಡಿದುಕೊಂಡು ಕೈ ಮೇಲೇಳುತ್ತಿರಲಿಲ್ಲ. ಅರ್ಧ ಬೋರ್ಡಿನಲ್ಲೇ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದಳು. ಡಾಕ್ಟರು ಕೈ ಹಿಡಿದು ಎತ್ತಿಸಿ ಇಳಿಸಿ, “ನೋಡೀಮ್ಮ, ಬೋರ್ಡಿನ ಮೇಲೆ ಬರೆಯೋದು, ಮುದ್ದೆ ತಿರುವೋದು, ಎರಡರಲ್ಲಿ ಒಂದನ್ನ ಕಮ್ಮಿ ಮಾಡಿ” ಅಂದಿದ್ದರು. ಅವಳು ಯಾವುದನ್ನೂ ಕಮ್ಮಿ ಮಾಡಿರಲಿಲ್ಲ. ಈ ನಡುವೆ ಹೆಡ್‌ಮಾಸ್ಟರು ಒಳ್ಳೆಯ ಮನಸ್ಸಿನಿಂದಲೇ, “ದಸರಾ ರಜೆ ಕಳೆಯೋದ್ರೊಳಗೆ ವಾಸಿಯಾಗದಿದ್ರೆ ಕ್ಲಾಸು ಬೇರೆಯವರಿಗೆ ಕೊಡೋಣ ಮೇಡಂ, ನೀವು ಕೂತ್ಕೊಂಡು ಲೈಬ್ರರಿ ನೋಡ್ಕೊಳ್ಳಿ” ಅಂದರಂತೆ. ಕೂತು ಕೆಲಸ ಮಾಡುವುದು ನನಗೆ ಒಗ್ಗಿದ್ದು, ಅವಳಿಗಲ್ಲ. ಆ ದಿನ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ನಾನೂ ಅವ್ವನೂ ಹಾಗೇ ಉಂಡು ಎದ್ದೆವು. ಅವಳಿಗೆ ಬೋರ್ಡು ತಪ್ಪಿದರೆ ಏನು ಗತಿ ಅಂತ ನನಗೂ ನಿಜವಾಗಿ ಸಂಕಟವಾಯಿತು.

ಮುದ್ದೆಯ ವಿಷಯವನ್ನೂ ಇಲ್ಲಿ ಹೇಳಿಬಿಡಬೇಕು. ನಮ್ಮ ಸೀಮೆಯಲ್ಲಿ ಸಾರನ್ನು ಮೂರು ಸಲ ಬಿಸಿ ಮಾಡಿ ಉಣ್ಣುತ್ತಾರೆ, ಮುದ್ದೆಯನ್ನು ಮಾತ್ರ ಇಲ್ಲ. ಮುದ್ದೆ ಆರಿದರೆ ಆರಿದ್ದೇ. ಅವ್ವನಿಗೆ ಸಂಜೆ ಏಳೂವರೆಗೆ ಊಟವಾಗಬೇಕು, ಸಾವಿತ್ರಿಯೂ ಅವಳ ಜೊತೆಗೇ ಉಣ್ಣುತ್ತಾಳೆ. ಕಂಪನಿ ಬಸ್ಸು ನನ್ನನ್ನು ಊರಿಗೆ ತಂದು ಬಿಡುವುದು ಎಂಟೂವರೆಗೆ. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂರುವ ಹೊತ್ತಿಗೆ ನನಗೆ ಬೇರೆ ಎಸರಿಟ್ಟು, ಬೇರೆ ಹಿಟ್ಟು ತಿರುವಿ, ಹೊಗೆಯಾಡುವ ಮುದ್ದೆ ಬೀಳುತ್ತದೆ. ಆರಿದ ಮುದ್ದೆ ತಿಂದು ಗೊತ್ತಿಲ್ಲದವನು ನಾನು ಅಂತ ಬಸ್ಸಿನಲ್ಲಿ ಜಂಬ ಕೊಚ್ಚಿಕೊಂಡಿದ್ದೂ ಉಂಟು.

ಈ ಇಷ್ಟೂ ವಿವರ ಮುಂದಿಟ್ಟುಕೊಂಡು ನಾನು ಕಂಡುಹಿಡಿದ ಮೂಲ ಕಾರಣ ಏನಪ್ಪಾ ಅಂದರೆ, ಕೋಲು! ಮುದ್ದೆ ತಿರುವುವ ನಮ್ಮ ಮನೆಯ ಹಿಟ್ಟಿನ ಕೋಲು ಅಜ್ಜಿಯ ಕಾಲದ್ದು, ಗಿಡ್ಡ, ಭಾರ, ಹಿಡಿಯ ಜಾಗದಲ್ಲಿ ಸವೆದು ಸೊಟ್ಟ. ಉದ್ದವಾದ, ಹಗುರವಾದ, ಹಿಡಿಗೆ ಹದವಾದ ಕೋಲು ಮಾಡಿಸಿದರೆ ಭುಜಕ್ಕೆ ಬಿಡುಗಡೆ. ಸಾವಿತ್ರಿಯನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಹೇಳದೆ ಮಾಡಿಸಿ ಆಶ್ಚರ್ಯಪಡಿಸುವ ಹುಚ್ಚು ನನ್ನದು. ಹೀಗೆ ಆಶ್ಚರ್ಯಪಡಿಸಲು ತಂದ ಎರಡು ಸೀರೆ ಇವತ್ತಿಗೂ ಬೀರುವಿನಲ್ಲಿ ಮಡಿಕೆ ಬಿಚ್ಚದೆ ಕೂತಿವೆ.

ಕೋರ್ಸಿನ ನಿಯಮದಂತೆ ಸಮೀಕ್ಷೆಯಂತೂ ಆಗಲೇಬೇಕು. ಮೊಬೈಲಿನಲ್ಲಿ ನಮ್ಮ ನೆಂಟರ ಗುಂಪೊಂದಿದೆ. ಕನಕಪುರದ ಭಾವಮೈದುನರು, ಮಾಗಡಿಯ ಚಿಕ್ಕಪ್ಪನ ಮಕ್ಕಳು, ಬೈರಮಂಗಲದ ಷಡ್ಡಕ, ಎಲ್ಲರೂ ಅದರಲ್ಲಿದ್ದಾರೆ. ‘ಮುದ್ದೆ ಮಾಡುವಾಗ ನಿಮಗಾಗುವ ತೊಂದರೆಗಳೇನು?’ ಅಂತ ಹತ್ತು ಪ್ರಶ್ನೆಗಳ ಫಾರಂ ಕಳಿಸಿದೆ. ಒಂದೇ ದಿನದಲ್ಲಿ ಉತ್ತರಗಳು ಸುರಿದವು. ಯಾರಿಗೂ ಯಾವ ತೊಂದರೆಯೂ ಇರಲಿಲ್ಲ. ಮಾಗಡಿಯ ತಮ್ಮ, “ಮುದ್ದೆ ಮಾಡೋದು ಬಲು ಸುಲಭ, ನಮ್ಮನೇಲಿ ದಿನಾ ಮಾಡ್ತಾರೆ” ಅಂತ ಬರೆದಿದ್ದ. ಕನಕಪುರದವರು ಮುದ್ದೆಗೆ ನಾಲ್ಕು ಸ್ಟಾರ್ ಕೊಟ್ಟು ಸಾರಿನ ಬಗ್ಗೆ ದೂರು ಹೇಳಿದ್ದರು. ಇದನ್ನು ಬಣ್ಣಬಣ್ಣದ ಚಾರ್ಟಾಗಿ ಮಾಡಿ ತೋರಿಸಿದಾಗ ನಿಧಿ ಹೆಸರುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, “ಸರ್, ಇವರೆಲ್ಲಾ ಗಂಡಸರಲ್ವಾ? ಇವರಲ್ಲಿ ಯಾರಾದ್ರೂ ಒಂದು ಸಲ ಮುದ್ದೆ ಮಾಡಿದ್ದಾರಾ?” ಅಂದಳು. “ತಿಂತಾರೆ ಮೇಡಂ” ಅಂದೆ. ನಲವತ್ತು ಜನವೂ ನಕ್ಕರು. ನಾನು ಕ್ಯಾಮೆರಾ ಆಫ್ ಮಾಡಿಕೊಂಡೆ.

ಆದರೂ ಕೋಲು ಬಿಡಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಗೊಂಬೆ ಮಾಡುವ ಇಕ್ಬಾಲಣ್ಣನ ಅಂಗಡಿಯಿದೆ. ಹಾಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ, ಉಳಿ ಹಿಡಿದು ಬೇಕಾದ ರೂಪ ತರುವುದರಲ್ಲಿ ಅವನ ಕೈ ಪಳಗಿದ ಕೈ. ಅಳತೆ ಬರೆದ ಚೀಟಿ ಕೊಟ್ಟೆ. “ಏನುಕ್ಕಣ್ಣ ಇದು?” ಅಂದ. ನಾನು ಅತ್ತ ಇತ್ತ ನೋಡಿದೆ. ಇಂಥ ಕೋಲಿಗೆ ಈ ಸೀಮೆಯಲ್ಲಿ ಎಷ್ಟು ಗಿರಾಕಿ! ಹೇಳಿಬಿಟ್ಟರೆ ನಾಳೆಯೇ ಇವನು ಹೆದ್ದಾರಿಯ ಅಂಗಡಿಗಳಲ್ಲಿ ನೇತುಹಾಕಿಸಿದರೆ? “ಅದೊಂದು ಗುಟ್ಟು” ಅಂದೆ. “ಆಯ್ತು, ಗುಟ್ಟೇ ಆಗ್ಲಿ. ಬಣ್ಣ ಬೇಕಾ?” ಅಂದ. “ಚನ್ನಪಟ್ಟಣದ ಕೋಲು, ಬಣ್ಣ ಇಲ್ದೆ ಇರುತ್ತಾ? ಅಡಿಯಿಂದ ಮುಡಿತನಕ ಹಾಕು” ಅಂದೆ. ತಿರುಗುವ ಕೋಲಿಗೆ ಅವನು ಅರಗಿನ ಕಡ್ಡಿ ಒತ್ತಿ ಹಿಡಿದ. ಉಜ್ಜಿದ ಬಿಸಿಗೆ ಅರಗು ಕರಗಿ, ಕೆಂಪು ಹಳದಿ ಪಟ್ಟೆಗಳಾಗಿ ಮರಕ್ಕೆ ಹತ್ತಿಕೊಂಡಿತು. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತಂದ. ಅರ್ಧ ಗಂಟೆ ಅಲ್ಲೇ ನಿಂತು, ಆಹಾ, ಬಿಸಿಗೆ ಎಷ್ಟು ಚೆನ್ನಾಗಿ ಕರಗುತ್ತದೆ ಅಂತ ಮೆಚ್ಚಿಕೊಂಡು ನೋಡಿದೆ. ನೋಡಿದೆ ಅಷ್ಟೇ.

ಭಾನುವಾರ ಮಧ್ಯಾಹ್ನ ಅವ್ವನ ಸಮಕ್ಷಮದಲ್ಲಿ ಉದ್ಘಾಟನೆ. ಸಾವಿತ್ರಿ ಕೋಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಚೆನ್ನಾಗಿದೆ, ಶೋಕೇಸಲ್ಲಿ ಇಡೋಣ” ಅಂದಳು. ನಾನು ಒಪ್ಪಲಿಲ್ಲ. ಎಸರು ಕುದಿಯಿತು, ಹಿಟ್ಟು ಬೆಂದಿತು, ಪಾತ್ರೆಯನ್ನು ಕವೆಗೋಲಿಗೆ ಸಿಕ್ಕಿಸಿ ಕಾಲಲ್ಲಿ ಅದುಮಿ ಹಿಡಿದು ಅವಳು ನಾಲ್ಕು ಸುತ್ತು ತಿರುವಿದಳು. ಐದನೆಯ ಸುತ್ತಿಗೆ ಮುದ್ದೆಯಲ್ಲಿ ಹಳದಿ ಗೆರೆ ಕಾಣಿಸಿತು, ಆರನೆಯದಕ್ಕೆ ಕೆಂಪು. ಅವ್ವ ಬಗ್ಗಿ ನೋಡಿ, “ಮುದ್ದೆಗೆ ಅರಿಸಿನ ಕುಂಕುಮ ಇಟ್ಬುಟ್ಟವ್ನಲ್ಲ! ಒಂದು ಮಂಗಳಾರತಿನೂ ಎತ್ಬುಡು, ಪೂಜೆ ಮುಗೀತೈತೆ” ಅಂದಳು. ಅವತ್ತು ಮೂವರೂ ಅನ್ನ ಉಂಡೆವು.

ಸಂಜೆ ಬಣ್ಣಗೆಟ್ಟ ಕೋಲು ಹಿಡಿದು ಹೋದರೆ ಇಕ್ಬಾಲಣ್ಣ ಹಣೆ ಚಚ್ಚಿಕೊಂಡ. “ಅಲ್ಲಣ್ಣೋ, ಬಿಸಿ ಒಳಗೆ ಇಡೋದು ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ಕಣ್ಣೆದುರಿಗೇ ಬಿಸಿ ಮಾಡಿ ಹಚ್ಚಿದ್ನಲ್ಲ! ನಾನು ಕೋಲಾಟಕ್ಕೇನೋ ಅನ್ಕಂಡಿದ್ದೆ.” ನನ್ನ ಗುಟ್ಟು ಕೇಳಿ, ಕದಿಯುವ ಯೋಚನೆ ಹೋಗಲಿ, ನಗು ತಡೆಯುವುದೇ ಅವನಿಗೆ ಕಷ್ಟವಾಯಿತು. “ಗೊಂಬೆ ತಗೊಳ್ಳೋದು ಅಜ್ಜಿ, ಬಾಯಿಗೆ ಹಾಕ್ಕಳ್ಳೋದು ಮಗು. ನಾವು ಯಾವತ್ತೂ ಮಗೀನ ಬಾಯಿ ನೆಪ್ಪಿಟ್ಕಂಡೇ ಬಣ್ಣ ಹಾಕೋದು” ಅಂತ ಹೇಳುತ್ತಾ, ಬಣ್ಣವಿಲ್ಲದ ಇನ್ನೊಂದು ಕೋಲನ್ನು ಹತ್ತೇ ನಿಮಿಷದಲ್ಲಿ ಕಡೆದುಕೊಟ್ಟ. ನಿಧಿ ಎರಡು ವಾರ ಹೇಳಿದ್ದನ್ನು ಅವನು ಒಂದು ಬೀಡಿ ಆರುವಷ್ಟರಲ್ಲಿ ಹೇಳಿ ಮುಗಿಸಿದ.

ಹೊಸ ಕೋಲಿನಲ್ಲಿ ಸಾವಿತ್ರಿ ವಾರವಿಡೀ ತಿರುವಿದಳು. “ಹೇಗಿದೆ?” ಅಂದರೆ, “ಕೋಲು ಚೆನ್ನಾಗಿದೆ. ತೋಳು ಹಾಗೇ ಇದೆ” ಅಂದಳು. ನಿಧಿಗೆ ಹೇಳಿದೆ. ಅವಳು, “ಕೇಳಬೇಡಿ ಸರ್, ಜೊತೆಗೆ ಕೂತು ನೋಡಿ. ಒಂದು ವಾರ, ಮಾತಾಡದೆ” ಅಂದಳು. ಮಾತಾಡದೆ ಅನ್ನುವುದೊಂದು ಕಷ್ಟ, ಮಿಕ್ಕದ್ದು ಸುಲಭ. ಬಾಕಿಯಿದ್ದ ರಜೆಯಲ್ಲಿ ಒಂದು ವಾರ ತೆಗೆದುಕೊಂಡು, ದಿನಾ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು, ನೋಟ್‌ಬುಕ್ ಹಿಡಿದು ಕೂತೆ. ಸಾವಿತ್ರಿ ಏಳು ಗಂಟೆಗೆ ಎಸರಿಡುತ್ತಿದ್ದಳು, ಏಳೂಕಾಲಿಗೆ ತಿರುವುತ್ತಿದ್ದಳು, ಏಳೂವರೆಗೆ ಮೂವರೂ ಉಣ್ಣುತ್ತಿದ್ದೆವು. ಎಲ್ಲವನ್ನೂ ಬರೆದುಕೊಂಡೆ. ನಾಲ್ಕನೆಯ ದಿನ ಅವಳು ನೋವಿಲ್ಲದೆ ಜಡೆ ಹೆಣೆದುಕೊಂಡಳು. ಆರನೆಯ ದಿನ ಮೇಲಿನ ಗೂಡಿನಿಂದ ಬೆಲ್ಲದ ಡಬ್ಬ ತೆಗೆದಳು. ನನಗೆ ಖುಷಿಯೋ ಖುಷಿ. ‘ಕೋಲಿನ ಪರಿಣಾಮ ಕಾಣಿಸಲು ಎರಡು ವಾರ ಬೇಕು’ ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಕೊನೆಯ ಕ್ಲಾಸಿನಲ್ಲಿ ನನ್ನ ಪ್ರದರ್ಶನ. ಕೋಲನ್ನು ಕ್ಯಾಮೆರಾದ ಮುಂದೆ ಎತ್ತಿ ಹಿಡಿದು, ಅದರ ಉದ್ದ, ತೂಕ, ಹಿಡಿಯ ಸುತ್ತಳತೆ ಎಲ್ಲ ವಿವರಿಸಿ, ಬೆಲ್ಲದ ಡಬ್ಬದ ಪ್ರಸಂಗಕ್ಕೆ ತಂದು ನಿಲ್ಲಿಸಿದೆ. ಹುಡುಗರು ಚಪ್ಪಾಳೆಯ ಚಿತ್ರ ಹಾಕಿದರು. ನಿಧಿ, “ಸರ್, ಬಳಸಿದವರೇ ಪಕ್ಕದಲ್ಲಿ ಇದ್ದರೆ ಎರಡು ಮಾತು ಕೇಳಬಹುದಾ?” ಅಂದಳು. ಪಕ್ಕದ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದ ಸಾವಿತ್ರಿಯನ್ನು ಹೆಮ್ಮೆಯಿಂದ ಕರೆತಂದು ಕೂರಿಸಿದೆ. “ಮೇಡಂ, ಹೊಸ ಕೋಲಿಂದ ಭುಜ ವಾಸಿಯಾಯ್ತಾ?” ಅಂತ ನಿಧಿ ಕೇಳಿದಳು.

ಸಾವಿತ್ರಿ ಗಣಿತದವಳು, ಸುಳ್ಳು ಬರುವುದಿಲ್ಲ. “ಯಾವ ಕೋಲಾದರೂ ಅಷ್ಟೇ. ಈ ವಾರ ಇವರು ರಜೆ ಹಾಕಿದ್ರಲ್ಲ, ನಮ್ಮ ಜೊತೆಗೇ ಉಂಡ್ರು. ಎರಡನೇ ಸಲ ತಿರುವೋದು ಇರಲಿಲ್ಲ” ಅಂದಳು.

“ಎರಡನೇ ಸಲ ಅಂದ್ರೆ?”

“ಇವರು ಬಸ್ಸಿಂದ ಬಂದ ಮೇಲೆ ಇವರಿಗೆ ಅಂತ ಬೇರೆ ತಿರುವ್ತೀನಿ. ಮೊದಲನೇದು ಏನೂ ಅನ್ನಿಸಲ್ಲ. ಆಮೇಲೆ ಒಂದು ಗಂಟೆ ಕೂತು ಪೇಪರ್ ತಿದ್ದಿರ್ತೀನಿ, ಭುಜ ಬಿಗಿದುಕೊಂಡಿರುತ್ತೆ. ಆಗ ಎದ್ದು ತಿರುವಿದರೆ ಪ್ರಾಣ ಹೋಗುತ್ತೆ.”

“ಇದನ್ನ ಸರ್‌ಗೆ ಹೇಳಿರಲಿಲ್ವಾ?”

“ಕೋಲು ಹೇಗಿದೆ ಅಂತ ಕೇಳಿದ್ರು. ಕೋಲು ಚೆನ್ನಾಗಿದೆ ಅಂದೆ” ಅಂದಳು ಸಾವಿತ್ರಿ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ವಾಸಿಯಿತ್ತು, ಎದುರು ಮಾತಾಡಬಹುದಾಗಿತ್ತು. ನಲವತ್ತು ಜನರ ಎದುರಿಗೆ ಕೋಲು ಹಿಡಿದುಕೊಂಡು ಕೂತಿದ್ದ ನನಗೆ ಅದನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಬಿಸಿಬಿಸಿಯಾಗಿ ಉಂಡ ಮುದ್ದೆಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದೆ. ನಿಧಿ ಮಾತ್ರ ಬಲು ಸಂತೋಷದಿಂದ, “ಸರ್, ಇಡೀ ಕ್ಲಾಸಲ್ಲಿ ನಿಜವಾದ ಕಾರಣ ಸಿಕ್ಕಿದ್ದು ನಿಮಗೊಬ್ಬರಿಗೇ! ಏನು ತೆಗೀಬೇಕು ಅಂತ ಗೊತ್ತಾಯ್ತಲ್ಲ” ಅಂತ ನನ್ನನ್ನು ಪಾಸು ಮಾಡಿದಳು. ತೆಗೆಯಬೇಕಾದ್ದು ನನ್ನ ಮುದ್ದೆಯಾಗಿತ್ತು.

ಸೋಮವಾರದಿಂದ ಮತ್ತೆ ಬಸ್ಸು. ಎಂಟೂಮುಕ್ಕಾಲಿಗೆ ಮನೆಗೆ ಬಂದರೆ ಸಾವಿತ್ರಿ ಏನೂ ಆಗಿಲ್ಲವೆಂಬಂತೆ ಎಸರಿಡಲು ಎದ್ದಳು. “ಬೇಡ, ಅನ್ನ ಹಾಕು” ಅಂದೆ. ಈ ಮೂರು ಪದ ಹೇಳಿದಾಗ ನನ್ನ ಮುಖ ಹೇಗಿತ್ತೋ, ಅವ್ವ, “ಜ್ವರ ಏನ್ಲಾ?” ಅಂತ ಹಣೆ ಮುಟ್ಟಿ ನೋಡಿದಳು. ನಾಲ್ಕು ದಿನ ಅನ್ನ ಉಂಡೆ. ಅನ್ನ ತಿಂದೂ ಜನ ಬದುಕಿದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಮುದ್ದೆ ಉಂಡು ಬೆಳೆದ ಹೊಟ್ಟೆಗೆ ಅನ್ನ ಬಿದ್ದರೆ ಯಾರೋ ಬಂದು ಬಾಗಿಲು ತಟ್ಟಿ ಒಳಗೆ ಬರದೆ ಹೋದ ಹಾಗಿರುತ್ತದೆ. ಐದನೆಯ ದಿನ ನಾನೇ ಪಂಚೆ ಎತ್ತಿ ಕಟ್ಟಿ, ಎಸರಿಟ್ಟೆ.

ಅವ್ವ ಮಣೆ ಹಾಕಿಕೊಂಡು ಎದುರಿಗೇ ಕೂತಳು. “ಎದೆ ಕೊಟ್ಟು ತಿರುವ್ಲಾ! ಮಜ್ಜಿಗೆ ಕಡ್ದಂಗೆ ಕಡ್ದರೆ ಆದದಾ?” ಅಂತ ಅವಳದು ಒಂದೇ ಸಮನೆ. ಮೊದಲ ಮುದ್ದೆ ಮುರಿದರೆ ಒಳಗೆ ಒಣ ಹಿಟ್ಟು, ಎರಡನೆಯದು ತಟ್ಟೆಯಲ್ಲಿ ಪುಡಿಪುಡಿ. ಇಪ್ಪತ್ತನಾಲ್ಕು ವರ್ಷ ಬೇರೆಯವರ ಕೆಲಸದಲ್ಲಿ ಕೊರತೆ ಹುಡುಕಿದವನಿಗೆ ತನ್ನ ಮುದ್ದೆಯಲ್ಲಿ ಹುಡುಕುವ ಶ್ರಮವೇ ಇರಲಿಲ್ಲ. ಸಾವಿತ್ರಿ ಪೇಪರ್ ತಿದ್ದುತ್ತಾ ಕೂತಲ್ಲಿಂದ ಏಳದೆ, “ಬೆಂಕಿ ಸಣ್ಣ ಮಾಡಿ”, “ನೀರು ಅಳೆದು ಹಾಕಿ” ಅನ್ನುತ್ತಿದ್ದಳು. ಅವಳು ಏಳದೆ ಇದ್ದದ್ದೇ ನನಗೆ ಆಶ್ಚರ್ಯ. ಮರುದಿನವೂ ಏಳಲಿಲ್ಲ. ಹೀಗೆ ದಸರಾ ಬಂದು, ರಜೆಯೂ ಕಳೆಯಿತು.

ಶಾಲೆ ಶುರುವಾದ ವಾರದ ಶನಿವಾರ ಅವಳು ಕನ್ನಡಕ ಮನೆಯಲ್ಲೇ ಮರೆತು ಹೋಗಿದ್ದಳು. ನನಗೆ ರಜೆ. ಸ್ಕೂಟರಿನಲ್ಲಿ ತಗೊಂಡು ಹೋದೆ. ಲೈಬ್ರರಿಯ ಕಡೆ ಹೋಗಬೇಕೋ ಕ್ಲಾಸಿನ ಕಡೆಯೋ ಅಂತ ಒಂದು ಕ್ಷಣ ಅಳುಕಿ, ಕ್ಲಾಸಿನ ಕಡೆಗೇ ನಡೆದೆ. ಕಿಟಕಿಯಲ್ಲಿ ಕಂಡಳು. ತುದಿಗಾಲಿನಲ್ಲಿ ನಿಂತು, ಬಲಗೈ ಪೂರ್ತಿ ಮೇಲೆತ್ತಿ, ಬೋರ್ಡಿನ ಮೇಲಿನ ಅಂಚಿಗೆ ಸೀಮೆಸುಣ್ಣ ತಾಗಿಸಿ ಎಂಟನೆಯ ಕ್ಲಾಸಿಗೆ ಲೆಕ್ಕ ಬರೆಯುತ್ತಿದ್ದಳು. ನನ್ನ ಕಣ್ಣು ತುಂಬಿಬಂತು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಆ ಕೈಯನ್ನು ಮದುವೆಯಲ್ಲಿ ಹಿಡಿದಾಗಲೂ ನಾನು ಅಷ್ಟು ಗಮನವಿಟ್ಟು ನೋಡಿರಲಿಲ್ಲ.

ಕಣ್ಣೊರೆಸಿಕೊಂಡ ಮೇಲೆ ಲೆಕ್ಕ ಓದಿದೆ. ‘ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು ಹಾಕಬೇಕು. ಒಬ್ಬ ಸೂಪರ್‌ವೈಸರ್ ಎರಡು ಲೋಟ ಹಿಟ್ಟಿಗೆ ಒಂಬತ್ತು ಲೋಟ ನೀರು ಹಾಕಿದರೆ...’ ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ನನ್ನ ಗುರುತು ಹಿಡಿದು, “ಮಿಸ್, ಲೆಕ್ಕದಾಗಿರೋ ಸಾರ್ ಬಂದವ್ರೆ!” ಅಂತ ಕೂಗಿದಳು. ಇಡೀ ಕ್ಲಾಸು ಎದ್ದು ನಿಂತಿತು. ಸಾವಿತ್ರಿ ತಿರುಗಿ, ನಗು ತಡೆದುಕೊಂಡು, ಕನ್ನಡಕ ಈಸಿಕೊಂಡು, “ಬಂದಿದ್ದೀರಲ್ಲ, ಉತ್ತರ ನೀವೇ ಹೇಳಿಹೋಗಿ” ಅಂದಳು. ಅನುಪಾತ ನನಗೆ ಶಾಲೆಯಲ್ಲಿದ್ದಾಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೆ ಈ ಲೆಕ್ಕದ ಉತ್ತರ ಚೆನ್ನಾಗಿ ಗೊತ್ತಿತ್ತು, ಹಿಂದಿನ ರಾತ್ರಿ ಲೋಟದಲ್ಲಿ ಕುಡಿದಿದ್ದೆ.

“ಅಂಬಲಿ” ಅಂದೆ.